ಹಾಸಿಲ್ಲದ ಕಲ್ಲು

ರಾಮಮೂರ್ತಿ ನಗರ, ಮಂಗಳವಾರ

ಸೋದರಮಾವನವರಿಗೆ ಶರಣು. ಇಲ್ಲಿ ಪಾಯದ ಗುಂಡಿಯಲ್ಲಿ ಬೂದು ಬಂಡೆಯ ನಡುವೆ ಒಂದು ಕರಿ ಪಟ್ಟೆ ಸಿಕ್ಕಿತು. ನಮ್ಮ ಶಹಾಬಾದ್ ಕಲ್ಲಿನ ಹಾಸಿನಂತೆ ಪದರವಾಗಿ ಏಳುತ್ತದೆಂದು ತಿಳಿದು, ನೀವು ಕಲಿಸಿದಂತೆ ಅದರ ಗುಂಟ ಬೆಣೆ ಹೊಡೆದೆ. ಏಳಲಿಲ್ಲ. ಬಿರುಕು ಪಕ್ಕದ ಮನೆಯ ಗೋಡೆಯ ಕೆಳಗೆ ಓಡಿತು. ಕಲ್ಲು ಪರೀಕ್ಷೆಗೆ ಬಂದಿದ್ದ ರಾಜೇಶ್ವರಿ ಮೇಡಂ ನನ್ನ ಸುತ್ತಿಗೆ ಕಸಿದುಕೊಂಡರು.

“ಇದು ಹಾಸಲ್ಲ ರೀ. ಕೋಟ್ಯಂತರ ವರ್ಷದ ಹಿಂದೆ ಹಳೇ ಬಂಡೆ ಸೀಳ್ಕೊಂಡು, ಕರಗಿದ ಕಲ್ಲು ಕೆಳಗಿಂದ ನುಗ್ಗಿ ಹೆಪ್ಪುಗಟ್ಟಿರೋದು. ಆಮೇಲೆ ನೆಲ ಹಿಂಡಿ ಎಲ್ಲಾ ಸೊಟ್ಟ ಮಾಡಿದೆ. ಯಾವ ಕಡೆ ಬಿರಿಯುತ್ತೋ ನನಗೂ ಗೊತ್ತಿಲ್ಲ.”

ಆ ಮನೆಯವರು ಪಾತ್ರೆಪಗಡ ಹೊತ್ತು ರಸ್ತೆಗೆ ಬಂದಿದ್ದಾರೆ. ನನ್ನ ಎಡಗೈ ಊದಿದೆ, ಅವ್ವನಿಗೆ ಹೇಳಬೇಡಿ. ಬೆಣೆ ಇನ್ನೂ ಕಲ್ಲಿನಲ್ಲೇ ಇದೆ. ಹೊಡೆದವನೇ ಕೀಳಬೇಕೆಂದು ಕಲಿಸಿದವರೂ ನೀವೇ. ನಾಳೆ ಬೆಳಿಗ್ಗೆ ಮತ್ತೆ ಗುಂಡಿಗೆ ಇಳಿಯುತ್ತೇನೆ.

ಹಂಪಣ್ಣ