ಹೊಸ ಬಣ್ಣ ಹೊಡೆಸಿದವರಿಗೆ

ಗದಗ, ಕೆಳಸಾಲು
ಮುಚ್ಚುಗಾಲ ನೂರಾ ಹದಿನಾಲ್ಕು, ದೀಪಾವಳಿ ಕಳೆದ ಮೇಲೆ

ನನಗಿಂತ ಮೊದಲು ಬದುಕಿದವರೇ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ಕೆಲವು ಪದಗಳೂ ನಿಮಗೆ ಹೊಸವು. ಅಲ್ಲಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಓದಲು ತೊಡಕಾದರೆ ಮನ್ನಿಸಬೇಕು. ಇಂಥ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ, ಹಿಂದಿನವರಿಗೆ ಬರೆಯುವ ಓಲೆ. ಬದುಕಿನಲ್ಲಿ ಒಮ್ಮೆ ಯಾರು ಬೇಕಾದರೂ ಬರೆಯಬಹುದು. ಅದು ತಲುಪುತ್ತದೆಯೇ ಎಂಬುದು ಯಾರಿಗೂ ತಿಳಿಯದು; ಉತ್ತರವಂತೂ ಇದುವರೆಗೆ ಬಂದದ್ದಿಲ್ಲ. ಹೆಚ್ಚಿನವರು ಈ ಅವಕಾಶವನ್ನು ನಿಮ್ಮನ್ನು ಬಯ್ಯಲು ಬಳಸುತ್ತಾರೆ, ನೀರಿಗಾಗಿ, ಬಿಸಿಲಿಗಾಗಿ. ನನ್ನ ವಿಷಯ ಅಷ್ಟು ದೊಡ್ಡದಲ್ಲ. ಹೊಸ ಬಣ್ಣದ ಮತ್ತು ಹೊಸ ಕಪಾಟಿನ ವಾಸನೆಯ ಬಗ್ಗೆ ಬರೆಯುತ್ತಿದ್ದೇನೆ. ನನ್ನ ತಂಗಿ ನೀಲಾಂಬಿಕಾ ನಿನ್ನೆ ಮಧ್ಯಾಹ್ನ ತನ್ನ ಮಗಳನ್ನು ಮತ್ತೆ ಆ ವಾಸನೆಯ ಮನೆಗೇ ಕರೆದುಕೊಂಡು ಹೋದಳು. ಅದಕ್ಕೇ ಈ ಕಾಗದ.

ನಿಮ್ಮ ಕಾಲದಲ್ಲಿ ಗದಗ ಗಾಳಿಗೆ ಹೆಸರಾದ ಸೀಮೆಯಾಗಿತ್ತು. ಗುಡ್ಡಗಳ ಮೇಲೆ ನೀವು ನೆಟ್ಟ ಗಾಳಿಯಂತ್ರಗಳ ಕಂಬಗಳು ಈಗಲೂ ನಿಂತಿವೆ, ರೆಕ್ಕೆಗಳಿಲ್ಲ. ಗಾಳಿ ಈಗಲೂ ಬೀಸುತ್ತದೆ, ಆದರೆ ಅದರ ತುಂಬ ಧೂಳು. ಆದ್ದರಿಂದ ವರ್ಷದ ಬಹುಪಾಲು ಓಡಾಡಲು ಒಂದು ಬಾಗಿಲು ಬಿಟ್ಟು ನಮ್ಮ ಮನೆಗಳ ಕದ, ಕಿಂಡಿ ಎಲ್ಲಕ್ಕೂ ಅಂಟುಪಟ್ಟಿ ಹಾಕಿ ಮುಚ್ಚಿರುತ್ತೇವೆ. ಅದೇ ಮುಚ್ಚುಗಾಲ. ಆಗ ಪ್ರತಿ ಮನೆಗೂ ಕೊಳವೆಯಲ್ಲಿ ಸೋಸಿದ ಗಾಳಿ ಬರುತ್ತದೆ, ತಲೆಗೆ ಇಷ್ಟು ಎಂದು. ಅದನ್ನು ಗಾಳಿಪಾಲು ಎನ್ನುತ್ತೇವೆ. ಅದು ಉಸಿರಾಡಲು ಸಾಕಾಗುತ್ತದೆ, ಮನೆಯನ್ನು ತೊಳೆದು ಹೊರಗೆ ಹಾಕುವಷ್ಟು ಇರುವುದಿಲ್ಲ. ಮಳೆ ಬಂದು ಧೂಳು ಅಡಗಿದ ಮೇಲೆ, ಶ್ರಾವಣದಿಂದ ದೀಪಾವಳಿಯವರೆಗೆ, ಎಲ್ಲವನ್ನೂ ತೆರೆಯುತ್ತೇವೆ. ಅದು ತೆರಪು. ತೆರಪಿನಲ್ಲಿ ಮದುವೆಗಳಾಗುತ್ತವೆ, ಹಾಸಿಗೆಗಳು ಮಾಳಿಗೆ ಏರುತ್ತವೆ, ಮುದುಕರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಏನೂ ಮಾಡದೆ ಕೂರುತ್ತಾರೆ. ನಿಮ್ಮ ಕಾಲದ ಕತೆಗಳಲ್ಲಿ ಜನ ಮನಸ್ಸಿಗೆ ಬೇಸರವಾದರೆ ಎದ್ದು ಹೋಗಿ ಕಿಟಕಿ ತೆರೆಯುತ್ತಾರೆ. ನಮ್ಮ ಮಕ್ಕಳ ಪ್ರತಿಗಳಲ್ಲಿ ಆ ಸಾಲಿಗೆ ಅಡಿಟಿಪ್ಪಣಿ ಇರುತ್ತದೆ.

ಇಷ್ಟು ಹೇಳಿದ ಮೇಲೆ ನೀವು ಅಂದುಕೊಳ್ಳುವುದು ಸಹಜ: ಹಾಗಾದರೆ ಇವರು ಬಣ್ಣ ಹೊಡೆಯುವುದು, ಹೊಸ ಮಂಚ ತರುವುದು ಎಲ್ಲ ತೆರಪಿನ ಮೊದಲ ದಿನಗಳಲ್ಲೇ ಇರಬೇಕು, ಮುಚ್ಚುವ ಹೊತ್ತಿಗೆ ವಾಸನೆ ಹೋಗಿರಬೇಕು. ಹಾಗೆ ಮಾಡುವಷ್ಟು ಬುದ್ಧಿ ನಮಗೆ ಬರಲಿಲ್ಲ. ನೀವು ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸುತ್ತಿದ್ದಿರಿ, ಆದ್ದರಿಂದ ನಾವೂ ದೀಪಾವಳಿಗೇ ಮಾಡಿಸುತ್ತೇವೆ. ಬಣ್ಣದವರು ಹಬ್ಬದ ಹಿಂದಿನ ದಿನ ಕೆಲಸ ಮುಗಿಸಿ ಹೋಗುತ್ತಾರೆ, ಹಬ್ಬ ಮುಗಿದ ಕೂಡಲೇ ನಾವು ಕಿಂಡಿಗಳಿಗೆ ಪಟ್ಟಿ ಅಂಟಿಸುತ್ತೇವೆ. ಹಸಿ ಬಣ್ಣದೊಂದಿಗೆ ನಮ್ಮನ್ನು ನಾವೇ ಒಳಗಿಟ್ಟು ಮುಚ್ಚಿಕೊಳ್ಳುತ್ತೇವೆ. ಹಳೆಯ ಕಾಲದಲ್ಲಿ ಅದು ಬರೀ ಸುಣ್ಣವಾಗಿತ್ತು, ಕದಗಳು ತೆರೆದಿದ್ದವು, ಯಾರಿಗೂ ಏನೂ ಆಗಲಿಲ್ಲ. ಮೊದಲು ಸುಣ್ಣ ಹೋಯಿತು, ಆಮೇಲೆ ತೆರೆದ ಕದ ಹೋಯಿತು. ಹಬ್ಬ ಮಾತ್ರ ತನ್ನ ಜಾಗದಿಂದ ಅಲುಗಲಿಲ್ಲ.

ಇದಕ್ಕೆ ತಡೆಯೆಂದು ನಮ್ಮಲ್ಲಿ ಇರುವುದು ಒಂದೇ ಪದ್ಧತಿ, ಹೊರಮೂಗು. ಒಂದು ಮನೆಯಲ್ಲಿ ಇರುವವರಿಗೆ ಆ ಮನೆಯ ವಾಸನೆ ಕೆಲವೇ ದಿನಗಳಲ್ಲಿ ತಿಳಿಯದಾಗುತ್ತದೆ. ವಾಸನೆ ಅಲ್ಲೇ ಇರುತ್ತದೆ, ಮೂಗು ಅದನ್ನು ಹೇಳುವುದನ್ನು ಬಿಡುತ್ತದೆ. ಆದ್ದರಿಂದ ಹೊಸ ಮನೆಗೆ ಹೋಗುವ ಮೊದಲು, ಅಲ್ಲಿ ಹಿಂದೆ ಕಾಲಿಡದ ಒಬ್ಬರನ್ನು ಕರೆಯಬೇಕು. ಅವರು ಒಳಗೆ ಬಂದು ನಿಂತು ಇದೆ ಅಥವಾ ಇಲ್ಲ ಎನ್ನಬೇಕು. ಇದೆ ಎಂದರೆ ಮುಂದಿನ ತೆರಪಿನವರೆಗೆ ಅಲ್ಲಿ ಯಾರೂ ಮಲಗುವಂತಿಲ್ಲ.

ಆರು ವರ್ಷದ ಹಿಂದೆ ನೀಲಾಳ ಗಂಡನ ಮನೆಯವರು ಮೇಲಿನ ಸಾಲಿನಲ್ಲಿ ಹೊಸ ಮನೆ ಮಾಡಿದರು. ಆಗ ಅವಳು ಬಸುರಿ. ಗೋಡೆಗೆ ನವಿಲು ಬಣ್ಣ, ಮರದ ಪುಡಿಗೆ ಅಂಟು ಬೆರೆಸಿ ಮಾಡಿದ ಒತ್ತುಹಲಗೆಯ ಕಪಾಟು, ಹೊಸ ಮಂಚ, ಹೊಸ ಗಾದಿ, ಮಗುವಿಗೆಂದು ಹೊಸ ತೊಟ್ಟಿಲು. ನನ್ನನ್ನು ಹೊರಮೂಗಾಗಿ ಕರೆದರು. ಒಳಗೆ ಹೆಜ್ಜೆ ಇಟ್ಟ ಕೂಡಲೇ ಕಣ್ಣು ಉರಿಯಿತು. ನಾನು ಇದೆ ಎಂದೆ. ನೀಲಾಳ ಅತ್ತೆ ಗುರವ್ವ ತಟ್ಟೆಯಲ್ಲಿ ಅರಿಷಿಣ ಕುಂಕುಮ ಹಿಡಿದು ನಿಂತಿದ್ದಳು.

“ಹೊಸಾ ಮನ್ಯಾಗ ಹೊಸಾ ವಾಸನಿ ಬರದ, ಮತ್ತೇನ ಹಳೇ ವಾಸನಿ ಬರತೈತೇನ ಫಕೀರವ್ವಾ?” ಎಂದಳು.

ಎಲ್ಲರೂ ನಕ್ಕರು. ನೀಲಾಳ ಗಂಡ ಸಂಗನಬಸು, “ನಮ್ಮಕ್ಕಾರ ಮೂಗು ಎಷ್ಟ ಹರತ ಐತಿ ಅಂದ್ರ, ಉಳ್ಳಾಗಡ್ಡಿ ಹೆಚ್ಚಬಹುದು,” ಎಂದ. ಅವನು ಕೆಟ್ಟವನಲ್ಲ. ಆ ಮಾತಿಗೆ ನೀಲಾ ಕೂಡ ನಕ್ಕಳು.

ನಾನು ಕೇಳಿದ್ದು ಇಷ್ಟೇ. ಮುಂದಿನ ತೆರಪಿನವರೆಗೆ ನೀಲಾ ನನ್ನ ಮನೆಯಲ್ಲಿರಲಿ. ಹೇಗೂ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ತಾಯಿ ಇಲ್ಲದ ಮೇಲೆ ಅವಳ ತವರು ಎಂದರೆ ನಾನೇ. ನನ್ನದು ಕೆಳಸಾಲಿನ ಒಂದು ಹಳೆಯ ಕಲ್ಲಿನ ಮನೆ, ಗೋಡೆಗೆ ಸುಣ್ಣ, ಮಲಗಲು ಅಜ್ಜಿಯ ಮಂಚ. ಗುರವ್ವನಿಗೆ ಅದು ಅವಮಾನವಾಗಿ ಕಂಡಿತು. “ಮಂದಿ ಏನಂದಾರು? ಇಷ್ಟ ದೊಡ್ಡ ಮನಿ ಕಟ್ಟಿ ಸೊಸೀನ ಗೂಡಿಗೆ ಕಳಿಸ್ಯಾರ ಅಂತಾರ,” ಎಂದಳು. ಆಮೇಲೆ ವಾಸನೆ ತೆಗೆಯುವ ಕೆಲಸಕ್ಕೆ ಇಳಿದಳು.

ಆ ಉಪಾಯಗಳೆಲ್ಲ ನಿಮ್ಮವು. ನಿಮ್ಮ ಕಾಲದ ಮನೆಗಳನ್ನು ಬಿಚ್ಚಿ ಕಲ್ಲು, ಕಬ್ಬಿಣ, ತಂತಿಗಳನ್ನು ಬೇರೆ ಮಾಡುವುದು ನನ್ನ ಕೆಲಸವಾದ್ದರಿಂದ ನೀವು ಬಿಟ್ಟುಹೋದ ಮಾತುಗಳನ್ನು ನಾನು ಸಾಕಷ್ಟು ಓದಿದ್ದೇನೆ. ಮೂಲೆಗೊಂದು ಬಟ್ಟಲಲ್ಲಿ ನೀರು ಹಾಕಿ ಹೆಚ್ಚಿದ ಉಳ್ಳಾಗಡ್ಡಿ, ಎಂದರೆ ಈರುಳ್ಳಿ. ಕಪಾಟಿನಲ್ಲಿ ಇದ್ದಿಲು. ಡ್ರಾಯರಿನಲ್ಲಿ ಅಡಿಗೆ ಸೋಡಾ. ಗಾದಿಯ ಬದಿಗೆ ಕಾಫಿ ಪುಡಿ. ಇವುಗಳಲ್ಲಿ ಕೆಲವು ಸ್ವಲ್ಪ ಕೆಲಸ ಮಾಡುತ್ತವೆ, ಇದ್ದಿಲು ಮಾಡುತ್ತದೆ, ಉಳಿದವು ಮೂಗನ್ನು ಬೇರೆ ಕಡೆ ತಿರುಗಿಸುತ್ತವೆ. ನೀವು ಬರೆದಿಟ್ಟದ್ದರಲ್ಲೆಲ್ಲ ಮೊದಲು ಕಿಟಕಿ ತೆರೆಯಿರಿ ಎಂದೇ ಇದೆ. ದಿನಗಟ್ಟಲೆ ತೆರೆದಿಡಿ, ಕಪಾಟಿನ ಬಾಗಿಲು ತೆರೆದಿಡಿ, ಬಿಸಿಲು ತಾಗಲಿ, ಹಲಗೆಯ ಕೊಯ್ದ ಅಂಚುಗಳಿಗೆ ಲೇಪ ಕೊಡಿ ಎಂದಿದೆ. ನಮ್ಮವರು ಅದನ್ನು ನಕಲು ಮಾಡಿಕೊಳ್ಳುವಾಗ, ಮಾಡಲಾಗದ್ದು ಏಕೆ ಎಂದು ಆ ಭಾಗ ಕೈಬಿಟ್ಟರು. ಉಳಿದದ್ದು ಉಳ್ಳಾಗಡ್ಡಿ. ಈಗ ಅದನ್ನು ಅರಿಷಿಣ ಹಚ್ಚಿದ ಬಟ್ಟಲಲ್ಲಿ ಇಡುತ್ತಾರೆ, ಪೂಜೆಯಂತೆ. ಗುರವ್ವ ಅದರ ಮೇಲೆ ಊದಿನಕಡ್ಡಿಯನ್ನೂ ಕರ್ಪೂರವನ್ನೂ ಹಚ್ಚಿದಳು. ಮನೆ ಕಿರಾಣಿ ಅಂಗಡಿಯಂತೆ ನಾರತೊಡಗಿತು, ಅದರ ಕೆಳಗೆ ಬಣ್ಣದ ವಾಸನೆ ಇದ್ದ ಹಾಗೇ ಇತ್ತು.

ನಾನು ಮತ್ತೆ ಹೋದಾಗ ನೀಲಾ ಆಗಲೇ ಅಲ್ಲಿ ಮಲಗಲು ಶುರು ಮಾಡಿದ್ದಳು. ಎರಡನೆಯ ಹೊರಮೂಗನ್ನು ಕರೆಸಿದ್ದರಂತೆ, ಗುರವ್ವನ ಅಣ್ಣ ಬಸಲಿಂಗಪ್ಪ. ಹರೆಯದಿಂದಲೂ ನಶ್ಯ ಏರಿಸುತ್ತ ಬಂದ ಮನುಷ್ಯ, ಅವನ ಮೂಗಿನ ಕೆಳಗೆ ಒಲೆ ಹೊತ್ತಿದರೂ ತಿಳಿಯದು. ಅವನು ನಡುಮನೆಯಲ್ಲಿ ನಿಂತು, ಮೂಗು ಒರೆಸಿಕೊಂಡು, “ಏನಿಲ್ಲ ತಗೀರಿ, ಮಲ್ಲಿಗಿ ಇಟ್ಟಂಗ ಐತಿ,” ಎಂದು ಹೋಳಿಗೆ ಉಂಡು ಹೋದನಂತೆ. ಪದ್ಧತಿಗೆ ಅಷ್ಟು ಸಾಕು. ಅವನಿಗಿಂತ ಮೊದಲು ಬಂದವಳು ಏನೆಂದಳು ಎಂದು ಯಾರೂ ಕೇಳುವುದಿಲ್ಲ.

ಗಾದಿಯ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಕೊಳೆಯಾಗಬಾರದು, ಹೊಸತಾಗಿಯೇ ಇರಲಿ ಎಂದು. ಈ ಆಸೆಯನ್ನು ನಾವು ನಿಮ್ಮಿಂದಲೇ ಕಲಿತೆವು ಎಂದು ನನಗೆ ಖಾತ್ರಿ ಇದೆ. ಬಿಚ್ಚಿದ ಮನೆಗಳಲ್ಲಿ ಪ್ಲಾಸ್ಟಿಕ್ ಸುತ್ತಿದ ಹಾಗೇ ಹಳತಾಗಿ ಹರಿದ ಕುರ್ಚಿಗಳನ್ನು ಎಷ್ಟೋ ನೋಡಿದ್ದೇನೆ. ಆ ಗಾದಿಯ ಮೇಲೆ ನೀಲಾ ಮಗ್ಗುಲು ಬದಲಿಸಿದರೆ ಪರಪರ ಎನ್ನುತ್ತಿತ್ತು. ನಾನು ಆ ಹೊದಿಕೆಯನ್ನು ಹರಿದು ತೆಗೆಯಲು ಹೋದೆ. ಅವಳೇ ನನ್ನ ಕೈ ಹಿಡಿದಳು.

“ಬ್ಯಾಡ ಯಕ್ಕಾ, ಅತ್ತಿ ಬಯ್ತಾರ. ಮದಲ ವಾಸನಿ ಬರತಿತ್ತು ಖರೆ. ಈಗ ಬರವಲ್ದು. ಹೋಗೈತಿ ಬಿಡು.”

“ಹೋಗಿಲ್ಲ ನೀಲಾ. ನಿನ್ನ ಮೂಗು ಸುಮ್ಮನಾಗೈತಿ.”

“ಸುಮ್ಮನಾದ್ರ ಚಲೋನ ಆತಲ್ಲ. ನಿನ್ನ ಮೂಗಿಗೂ ಒಂದೀಟ ಹೇಳು,” ಎಂದಳು.

ಹೊನ್ನಿ ಆ ಮುಚ್ಚುಗಾಲದಲ್ಲಿ ಆ ಮನೆಯಲ್ಲೇ ಹುಟ್ಟಿದಳು, ಆ ತೊಟ್ಟಿಲಲ್ಲೇ ಮಲಗಿದಳು. ನಡೆಯಲು ಕಲಿಯುವ ಮೊದಲೇ ಅವಳ ಎದೆಯಲ್ಲಿ ಸಿಳ್ಳೆ ಕೇಳಿಸುತ್ತಿತ್ತು. ಬಣ್ಣದಿಂದಲೇ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಿಲ್ಲ. ಕೇಳಿದರೆ, “ಇದ ಒಂದ ಕಾರಣ ಅಂತ ಹೇಳಾಕ ಬರಂಗಿಲ್ಲರಿ, ಧೂಳನೂ ಇರಬಹುದು,” ಎಂದರು. ಅವರು ಹೇಳದ್ದನ್ನು ನಾನೂ ಇಲ್ಲಿ ಹೇಳುವುದಿಲ್ಲ. ತೆರಪಿನಲ್ಲಿ ಸಿಳ್ಳೆ ಕಡಿಮೆಯಾಗುತ್ತದೆ, ದೀಪಾವಳಿಗೆ ಗುರವ್ವ ಮತ್ತೆ ಬಣ್ಣ ಮಾಡಿಸುತ್ತಾಳೆ, ಕಿಂಡಿ ಮುಚ್ಚಿದ ಮೇಲೆ ಹೆಚ್ಚಾಗುತ್ತದೆ. ಪ್ರತಿ ವರ್ಷ ನಾನು ಕಂಡದ್ದು ಇದು.

ಈ ವರ್ಷ ಹೊನ್ನಿಯ ಉಸಿರು ತೀರ ಬಿಗಿಯಾಯಿತು. ಕೊನೆಗೆ ನೀಲಾ ತಾನಾಗಿಯೇ ಬಂದಳು. ಮಗಳನ್ನು ನನ್ನ ಮಂಚದ ಮೇಲೆ ಕೂರಿಸಿ, “ಈ ಮುಚ್ಚುಗಾಲ ಪೂರ್ತಿ ನಿನ್ನ ಹಂತ್ಯಾಕ ಇರಲಿ ಯಕ್ಕಾ,” ಎಂದಳು. ಒಂದು ವಾರ ಕಳೆಯುವಷ್ಟರಲ್ಲಿ ಮಗುವಿನ ಎದೆ ತಿಳಿಯಾಗತೊಡಗಿತು. ಮೆಟ್ಟಿಲು ಹತ್ತಿದರೆ ಕೂರುತ್ತಿದ್ದವಳು ಕೂರದೆ ಹತ್ತಿದಳು. ಆದರೆ ನಿದ್ದೆ ಮಾಡಲಿಲ್ಲ. ಮಲಗಿಸಿದರೆ ಎದ್ದು ಕೂರುವಳು, ಗೋಡೆಗೆ ಮೂಗು ತಾಗಿಸುವಳು, ನನ್ನ ಕೌದಿ ಮೂಸಿ ನೋಡುವಳು. ಒಂದು ಮಧ್ಯಾಹ್ನ ಕೇಳಿದಳು.

“ದೊಡ್ಡವ್ವಾ, ನಿಮ್ಮನ್ಯಾಗ ಯಾಕ ಏನೂ ವಾಸನಿ ಬರಂಗಿಲ್ಲ?”

“ಬರಬಾರದವ್ವಾ.”

“ನಮ್ಮನ್ಯಾಗ ಬರತೈತಿ. ಅದು ಮನಿ. ಇದು ಬರೇ ಖೋಲಿ.”

ಆಮೇಲೆ ಅತ್ತಳು. ಹಟದ ಅಳುವಲ್ಲ ಅದು, ದಿಕ್ಕು ತಪ್ಪಿದವರ ಅಳು. ಅತ್ತರೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ಇನ್ನೂ ಹೆದರಿ ಅಳುತ್ತಿದ್ದಳು. ನಿನ್ನೆ ನೀಲಾ ಬಂದು ಬಾಗಿಲಲ್ಲೇ ನಿಂತು ನೋಡಿದಳು. “ಅಳಿಸಿ ಅಳಿಸಿ ಕೆಮ್ಮ ಹೆಚ್ಚ ಮಾಡೂದ ಬ್ಯಾಡ,” ಎಂದು ಮಗುವಿಗೆ ಚಪ್ಪಲಿ ತೊಡಿಸಿದಳು. ಇನ್ನೊಂದು ವಾರ ನೋಡೋಣ ಎಂದೆ. “ಆಕಿಗೆ ಬೇಕಾಗಿದ್ದು ನಿನ್ನ ಹತ್ರ ಇಲ್ಲ ಯಕ್ಕಾ,” ಎಂದಳು. ಹೊನ್ನಿ ನಗುನಗುತ್ತ ಹೋದಳು. ಅವಳು ಓಡುತ್ತಿದ್ದಳು, ಆ ಓಟಕ್ಕೆ ಬೇಕಾದ ಉಸಿರು ಅವಳಿಗೆ ಸಿಕ್ಕಿದ್ದು ನನ್ನ ಮನೆಯಲ್ಲಿ. ತಡೆಯಲು ನನಗೆ ಯಾವ ಹಕ್ಕೂ ಇರಲಿಲ್ಲ, ಇದ್ದಿದ್ದರೆ ತಡೆಯುತ್ತಿದ್ದೆ.

ಇದನ್ನೆಲ್ಲ ನಿಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂದು ಗೊತ್ತು. ಪ್ಲಾಸ್ಟಿಕ್ ಹೊದಿಸಿದ್ದು ಗುರವ್ವ, ಸುಳ್ಳು ಹೇಳಿದ್ದು ಬಸಲಿಂಗಪ್ಪ. ಆದರೂ ಒಂದು ಮಾತಿದೆ. ನಿಮ್ಮ ಕಾಲದ ಮನೆಗಳನ್ನು ಬಿಚ್ಚುವಾಗ ಮಲಗುವ ಕೋಣೆಯ ದೊಡ್ಡ ಕಪಾಟನ್ನು ಮೊದಲು ಹೊರಗೆಳೆಯುತ್ತೇವೆ. ಅದರ ಹಿಂದೆ ಎಷ್ಟೋ ಸಲ ನಮಗೆ ಕಿಟಕಿ ಸಿಗುತ್ತದೆ. ಒಳ್ಳೆಯ ಕಿಟಕಿ, ಸರಳು ಹಾಕಿದ್ದು, ಚಿಲಕ ತುಕ್ಕು ಹಿಡಿದದ್ದು, ಚೌಕಟ್ಟಿಗೆ ಬಣ್ಣ ಅಂಟಿ ಎಂದೂ ತೆರೆಯದೆ ಉಳಿದದ್ದು. ಕೋಣೆಯಲ್ಲಿ ಬೇರೆ ಜಾಗವಿಲ್ಲವೆಂದು ನೀವು ಕಪಾಟನ್ನು ಅದಕ್ಕೆ ಅಡ್ಡ ನಿಲ್ಲಿಸಿದಿರಿ, ಆಮೇಲೆ ಅದೇ ಕಪಾಟಿನ ವಾಸನೆಗೆ ಉಳ್ಳಾಗಡ್ಡಿ ಹೆಚ್ಚಿದಿರಿ. ಆಗ ಹೊರಗೆ ಗಾಳಿ ಇತ್ತು. ಯಾರೂ ಅದನ್ನು ಅಳೆದು ಕೊಡುತ್ತಿರಲಿಲ್ಲ.

ನೀವು ಇದನ್ನು ಓದುತ್ತಿದ್ದರೆ, ಒಬ್ಬರಿಂದ ಆಗದಿದ್ದರೆ ಪಕ್ಕದ ಮನೆಯವರನ್ನು ಕರೆದು, ಆ ಕಪಾಟನ್ನು ಸರಿಸಿ. ವಾಸನೆ ಹೋಗುವವರೆಗೆ ನಿಮ್ಮ ಮನೆಯ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ನಮಗಾಗಿ ಮಾಡಿ ಎಂದು ಕೇಳುತ್ತಿಲ್ಲ, ನಮ್ಮ ಕಾಲ ಮುಗಿಯಿತು. ಆ ಮಗುವಿಗೆ ಇನ್ನೂ ಮನೆ ಎಂದರೆ ಯಾವ ವಾಸನೆ ಎಂದು ಗೊತ್ತಿಲ್ಲ. ಗೊತ್ತಾಗುವ ಮೊದಲು ಮಾಡಿ.

ಇಂತಿ,
ಫಕೀರವ್ವ
ಮನೆ ಬಿಚ್ಚುವವಳು, ಕೆಳಸಾಲು