ಎರಡನೇ ಅರ್ಥಿಂಗ್

ಮಾರ್ಚ್ 4, ಬುಧವಾರ, ಬೆಳಿಗ್ಗೆ 7.10

ಕಾರ್ಖಾನೆಯ ಕರೆಂಟ್ ಪ್ಯಾನಲ್‌ಗಳ ಧೂಳು ಹೊಡೆದೆ. ಸಡಿಲವಾಗಿದ್ದ ನಾಲ್ಕು ಸ್ಕ್ರೂ ಬಿಗಿ ಮಾಡಿದೆ. ಇಲ್ಲೇ ಬಾಯ್ಲರ್ ನಡೆಸುವ ತಂಗಿಯ ಮಗಳು ನಿನ್ನೆ ಮತ್ತೆ ಅದನ್ನು ನಿಲ್ಲಿಸಿದಳು — ತಿಂಗಳಲ್ಲಿ ಮೂರನೇ ಸಲ. ಮೀಟರಿನಲ್ಲಿ ನೀರಿನ ಮಟ್ಟ ದಡಕ್ಕನೆ ಇಳಿಯಿತಂತೆ. ಬಾಯ್ಲರಿಗೇ ಜೋಡಿಸಿದ ಗಾಜಿನ ಕೊಳವೆಯಲ್ಲಿ ನೋಡಿದರೆ ನೀರು ಇದ್ದಷ್ಟೇ ಇದೆ.

ಮ್ಯಾನೇಜರ್ ನನ್ನನ್ನೇ ಕರೆದರು. "ನಿಮ್ಮ ಹುಡುಗಿ ಕೈ ಸುಮ್ನಿರಲ್ಲ ಕಣ್ರೀ. ಸೋಮವಾರದಿಂದ ಪ್ಯಾಕಿಂಗ್‌ಗೆ ಹಾಕ್ತೀನಿ."

ಮೂರು ಸಲ ಪರೀಕ್ಷೆ ಕಟ್ಟಿ ಪಡೆದ ಬಾಯ್ಲರ್ ಲೈಸೆನ್ಸ್ ಅವಳದು...

ಸಂಜೆ

"ಕಣ್ಣು ನಂದೇ ಮಾವ, ಬಾಡಿಗೆಗೆ ತಂದಿದ್ದಲ್ಲ. ಇಳೀತು ಅಂದ್ರೆ ಇಳೀತು."

ಹೂಂ ಎಂದೆ. ಅರ್ಧ ನಂಬಿದೆ.

ಮಾರ್ಚ್ 7, ಶನಿವಾರ

ಎರಡು ದಿನ ಬರೆಯಲಿಲ್ಲ. ಮೀಟರಿನ ಮುಂದೆ ಸ್ಟೂಲ್ ಹಾಕಿ ಕಾದೆ. ಇವತ್ತು 11.20ಕ್ಕೆ, ಅಪರೂಪಕ್ಕೆ ಹಾಕುವ ದೊಡ್ಡ ಪಂಪ್ ಶುರುವಾಯಿತು — ಅದೇ ಕ್ಷಣ ಅಂಕಿ ಅರವತ್ತರಿಂದ ಹನ್ನೆರಡಕ್ಕೆ! ನೀರು ಅಲುಗಿಲ್ಲ.

ಕೇಬಲ್ ಹಿಡಿದು ಬಾಯ್ಲರ್ ತನಕ ನಡೆದೆ. ಕೇಬಲ್ ಒಳಗೊಂದು ಜಾಲರಿ ಇರುತ್ತದೆ, ಶೀಲ್ಡ್. ಹೊರಗಿನ ಕರೆಂಟಿನ ಗದ್ದಲ ಸಿಗ್ನಲ್‌ಗೆ ತಾಗದಂತೆ ಕಾಯುವುದು ಅದರ ಕೆಲಸ. ಪ್ಯಾನಲ್ ತುದಿಯಲ್ಲಿ ಅದಕ್ಕೆ ಅರ್ಥಿಂಗ್ ಇದೆ. ಬಾಯ್ಲರ್ ತುದಿಯಲ್ಲೂ ಇನ್ನೊಂದು ಹಸಿರು ವೈರ್. ಅಚ್ಚುಕಟ್ಟಾಗಿ ಬಿಗಿದದ್ದು. ನನ್ನದೇ ಕೈ. ಹೋದ ತಿಂಗಳು ಸಿಡಿಲಿಗೆ, ನೀರಿನ ಮಟ್ಟ ಅಳೆದು ಮೀಟರಿಗೆ ಕಳಿಸುವ ಹಳೆಯ ಟ್ರಾನ್ಸ್‌ಮಿಟರ್ ಸುಟ್ಟಾಗ, ಒಂದಕ್ಕಿಂತ ಎರಡು ಭದ್ರ ಎಂದು ಹಾಕಿದ್ದೆ.

ಮ್ಯಾನುಯಲ್ ತೆಗೆದೆ — ಮೂವತ್ತು ವರ್ಷದಲ್ಲಿ ಮೊದಲ ಸಲ. ಶೀಲ್ಡ್‌ಗೆ ಒಂದೇ ತುದಿಯಲ್ಲಿ ಅರ್ಥಿಂಗ್. ಎರಡೂ ಕಡೆ ಕೊಟ್ಟರೆ ಪಂಪಿನ ಮೋಟರಿನ ಕರೆಂಟು ಶೀಲ್ಡಿನಲ್ಲೇ ಹರಿದು ಸಿಗ್ನಲ್ ಕೆಡಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ.

ಬಾಯ್ಲರ್ ತುದಿಯ ಹಸಿರು ವೈರ್ ಕತ್ತರಿಸಿದೆ, ಟೇಪ್ ಸುತ್ತಿದೆ. ಐದು ಸಲ ಪಂಪ್ ಹಾಕಿಸಿದೆ. ಅರವತ್ತು. ಅರವತ್ತೇ. ಅಬ್ಬಾ!

ಮಾರ್ಚ್ 9, ಸೋಮವಾರ

ಲೂಸ್ ಕನೆಕ್ಷನ್ ಇತ್ತು ಎಂದುಬಿಡಬಹುದಿತ್ತು. ಯಾರು ಕೇಳುತ್ತಿದ್ದರು? ಆದರೂ ಬಾಯಿಬಿಟ್ಟೆ. "ತಪ್ಪು ನಂದು ಸರ್. ಅವಳು ನಿಲ್ಲಿಸಿದ್ದೇ ಸರಿ."

"ಹಂಗಾದ್ರೆ ಪ್ಯಾಕಿಂಗ್‌ಗೆ ನೀವು ಹೋಗ್ತೀರಾ?" ಮ್ಯಾನೇಜರ್ ನಕ್ಕರು ಸದ್ಯ. ಅವಳು ಬಾಯ್ಲರ್‌ನಲ್ಲೇ. ಸಿಡಿಲಿನ ಹೊಡೆತ ತಡೆಯಲು ಸರ್ಜ್ ಅರೆಸ್ಟರ್ ತರಿಸಲೂ ಒಪ್ಪಿದರು.

ಅವಳಿಗೂ ಹೇಳಿದೆ. "ಮಾವಾ! ತಿಂಗಳಿಂದ ನನ್ನ ಹುಚ್ಚಿ ಮಾಡಿದ್ದು ನೀನಾ?" ಮನಸಾರೆ ಬೈದಳು. ಎಷ್ಟು ಹಗುರಾಯಿತೋ ಎದೆ.

"ಇನ್ನೆಲ್ಲೆಲ್ಲಿ ಹಿಂಗ್ ಮಾಡಿದ್ಯಾ? ನೆನಪು ಮಾಡ್ಕೊ." ಟೆಸ್ಟರ್ ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ. ಬರೆಯುತ್ತಿದ್ದೇನೆ ತಾಯಿ, ತಡಿ. ಒಂದು — ಕೂಲಿಂಗ್ ಟವರ್. ಎರಡು — ಆಸಿಡ್ ಟ್ಯಾಂಕ್. ಮೂರು —