ಅಂಕಿಯಿಲ್ಲದ ಮೂವತ್ತು ಪ್ರಶ್ನೆಗಳು

ಎಸ್ತೇರ್ ಟೀಚರ್ ಅವರಿಗೆ,

ನಿಮ್ಮ ರೇವಣಸಿದ್ಧನ ನಮಸ್ಕಾರರಿ. ಭಾಲ್ಕಿಯ ಹೈಸ್ಕೂಲಿನಲ್ಲಿ ನೀವು ಕಲಿಸಿದ ಮಕ್ಕಳಲ್ಲೆಲ್ಲ ಅತಿ ಹೆಚ್ಚು ಮಾತಾಡಿ ಅತಿ ಕಡಿಮೆ ಕೇಳಿಸಿಕೊಂಡವನು ಇದ್ದನಲ್ಲ, ಅವನೇ. ನೀವು ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಬರೆಯಲಿಲ್ಲ, ಬರೆಯುವಂಥ ಸುದ್ದಿ ಇರಲಿಲ್ಲ. ಬರಿಗೈಯಲ್ಲಿ ಬಂದು ನಿಂತರೆ ಕನ್ನಡಕದ ಮೇಲಿಂದ ನೀವು ನೋಡುವ ಆ ನೋಟ... ಬೇಡರಿ. ಈಗ ಸುದ್ದಿ ಇದೆ. ಆದರೆ ನಾನು ಗಂಜ್ ಮಾರುಕಟ್ಟೆಯಲ್ಲಿ ಪಳಗಿದವನು, ಒಳ್ಳೆಯ ಮಾಲನ್ನು ಮೊದಲೇ ಬಿಚ್ಚುವುದಿಲ್ಲ. ಸ್ವಲ್ಪ ತಾಳಿಕೊಳ್ಳಿ.

ಒಂಬತ್ತನೆಯ ತರಗತಿಯಲ್ಲಿ ನೀವು ಸೀಮೆಸುಣ್ಣದ ತುಂಡೊಂದನ್ನು ಮೇಲಕ್ಕೆ ಎಸೆದು, "ಮ್ಯಾಲ ಹೋಗುವಾಗ ಇದರ ಮ್ಯಾಲ ಏನೇನ್ ಬಲ ಅದಾವ?" ಎಂದು ಕೇಳಿದಿರಿ. ಗಾಳಿಯ ಮಾತು ಬಿಡಿ ಎಂದೂ ಹೇಳಿದಿರಿ. ನಾನು ಎದ್ದು ನಿಂತು, "ನಿಮ್ಮ ಕೈಯಾಗಿನ ಬಲ ಅದರೊಳಗ ಕುಂತದ್ರಿ ಟೀಚರ್. ಅದು ತೀರಿದ ಕೂಡ್ಲೇ ಕೆಳಗ ಬೀಳ್ತದ" ಎಂದೆ. ಬೇರೆ ಯಾರಾದರೂ ಆಗಿದ್ದರೆ ಕಿವಿ ಹಿಂಡುತ್ತಿದ್ದರು. ನೀವೋ, "ಏನ್ ಚಂದ ತಪ್ಪ್ ಹೇಳ್ದಿ ರೇವಣಾ! ನಿಲ್ಲು, ಬರಕೋತೀನಿ" ಎಂದು ನಿಮ್ಮ ಉದ್ದನೆಯ ನೋಟ್‌ಬುಕ್ ತೆಗೆದಿರಿ. ತರಗತಿಯೆಲ್ಲ ನಕ್ಕಿತು. ನಾನು ಮಾತ್ರ ದೊಡ್ಡ ಮನುಷ್ಯನಾದೆ ಎಂದುಕೊಂಡೆ. ಸರಿ ಉತ್ತರ ಹೇಳಿದವರ ಹೆಸರು ನೀವು ಎಂದಾದರೂ ಬರೆದುಕೊಂಡಿರೇನು? ನನಗಂತೂ ನೆನಪಿಲ್ಲ.

ಗಾಂಧಿ ಗಂಜಿನಲ್ಲಿ ನಾನು ಗುಮಾಸ್ತನಾಗಿ ಚೀಟಿ ಬರೆಯುತ್ತ ಬಿ.ಎಸ್ಸಿ. ಮುಗಿಸಿದ್ದು ನಿಮಗೆ ಗೊತ್ತು. ಅಂಗಡಿಯ ಮಾಳಿಗೆಯ ಮೇಲೆ ಭೌತಶಾಸ್ತ್ರದ ಟ್ಯೂಷನ್ ಶುರು ಮಾಡಿದ್ದೂ ಗೊತ್ತು. ಕೆಳಗೆ ತೊಗರಿ ಚೀಲ ಇಳಿಯುತ್ತಿತ್ತು, ಮೇಲೆ ಸೂತ್ರ ಇಳಿಯುತ್ತಿತ್ತು. ನನ್ನ ಮಕ್ಕಳು ಲೆಕ್ಕವನ್ನು ನೋಡಿದ ಕೂಡಲೇ ಯಾವ ಸೂತ್ರಕ್ಕೆ ಯಾವ ಅಂಕಿ ಹಾಕಬೇಕೆಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಜಿಲ್ಲೆಯ ಮುಂದಿನ ಸಾಲಿನ ಹುಡುಗರೆಲ್ಲ ನನ್ನವರೇ. ಒಮ್ಮೆ ನೀವು ಮೆಟ್ಟಿಲು ಹತ್ತಿ ಬಂದು, ಹಿಂದೆ ಕುಳಿತು ಒಂದು ಗಂಟೆ ಕೇಳಿ, ಹೋಗುವಾಗ ಇಷ್ಟೇ ಹೇಳಿದಿರಿ: "ಅಂಕಿ ತಗದು ಕೇಳು ನೋಡಪ್ಪ ಒಂದ್ಸಲ." ನಾನು ಚಹಾ ತರಿಸಿದೆ. ಅಂಕಿ ತೆಗೆಯಲಿಲ್ಲ.

ನಿವೃತ್ತರಾದ ಮೇಲೆ ಬೀದರಿನ ಒಂದು ಖಾಸಗಿ ಕಾಲೇಜಿನವರು ಕನ್ನಡ ಮಾಧ್ಯಮದ ಮಕ್ಕಳಿಗಾಗಿ ನಿಮ್ಮನ್ನು ಕರೆದರು. ನಾನೂ ಅಲ್ಲಿ ಬೆಳಗಿನ ಹೊತ್ತು ಪಾಠ ಮಾಡುತ್ತಿದ್ದೆ. ನೀವು ಬಂದವರೇ ಎರಡನೆಯ ವರ್ಷದವರಿಗೆಲ್ಲ ಒಂದು ಪತ್ರಿಕೆ ಕೊಟ್ಟಿರಿ. ಮೂವತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ, ಎಲ್ಲಿಯೂ ಒಂದೇ ಒಂದು ಅಂಕಿಯಿಲ್ಲ. ಲಾರಿ ಸೈಕಲ್ಲಿಗೆ ಡಿಕ್ಕಿ ಹೊಡೆದಾಗ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ? ಕೈಗಾಡಿ ಒಂದೇ ವೇಗದಲ್ಲಿ ಸಾಗುವಾಗ ಹಮಾಲನ ಬಲ ಹೆಚ್ಚೋ, ಘರ್ಷಣೆ ಹೆಚ್ಚೋ, ಎರಡೂ ಸಮವೋ? ನನ್ನ ಟಾಪರುಗಳು ಮಕಾಡೆ ಮಲಗಿದರು. ಹಿಂದಿನ ಬೆಂಚಿನವರು ಅವರಿಗಿಂತ ಚೆನ್ನಾಗಿ ಮಾಡಿದರು.

ಆ ಮೀಟಿಂಗು ನೆನಪಿದೆಯೇ? ನೆನಪಿಲ್ಲದೆ ಏನು. ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಬಿರಾದಾರ ಸರ್ ಪತ್ರಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಶಾಣ್ಯಾ ಹುಡುಗರು ಫೇಲ್, ದಡ್ಡರು ಪಾಸ್. ಅಂದ್ರ ಹುಡುಗರು ಗಲತ್ತೋ, ಪತ್ರಿಕಿ ಗಲತ್ತೋ? ಗೊಂದಲಾಗಿ ಕಣ್ ಮುಚ್ಚಿ ಟಿಕ್ ಹಾಕ್ಯಾರ, ಅಷ್ಟೇರಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಟೀಚರ್. ಸೋತವರು ನನ್ನ ಹುಡುಗರಲ್ಲವೇ, ಪತ್ರಿಕೆಯೇ ತಪ್ಪೆಂದರೆ ನನ್ನ ಮಾಳಿಗೆ ಉಳಿಯುತ್ತಿತ್ತು. ಪತ್ರಿಕೆ ದೋಷಪೂರಿತ, ಇನ್ನು ಕೊಡತಕ್ಕದ್ದಲ್ಲ ಎಂದು ತೀರ್ಮಾನವಾಯಿತು. ನೀವು ಚೀಲ ಹೆಗಲಿಗೇರಿಸಿ ಭಾಲ್ಕಿ ಬಸ್ಸು ಹತ್ತಿದಿರಿ. ಇಪ್ಪತ್ತು ವರ್ಷ ಮಕ್ಕಳ ಬಾಯಿಂದ ಒಂದೊಂದಾಗಿ ಆರಿಸಿದ ತಪ್ಪುಗಳಿಂದ ಕಟ್ಟಿದ ಪತ್ರಿಕೆಯದು. ಅದನ್ನು ದೋಷವೆಂದು ಕರೆಯುವಾಗ ನಾನು ಹಲ್ಲು ಕಿರಿಯುತ್ತಿದ್ದೆ.

ಉತ್ತರ ಪತ್ರಿಕೆಗಳ ಕಟ್ಟನ್ನು ರದ್ದಿಗೆ ಹಾಕಲು ನನಗೇ ಕೊಟ್ಟರು. ಆದರೆ ಬರೆದದ್ದನ್ನು ಕೂಡಿಸದೆ ಬಿಸಾಡಲು ಬಾರದ ಗುಮಾಸ್ತ ನಾನು. ಸಾಲು ಹೊಡೆದು, ಯಾವ ಪ್ರಶ್ನೆಗೆ ಯಾವ ಉತ್ತರಕ್ಕೆ ಎಷ್ಟು ಟಿಕ್ ಎಂದು ಗೀಟು ಹಾಕುತ್ತ ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ಕೈ ನಿಂತಿತು. ಕಣ್ಣು ಮುಚ್ಚಿ ಟಿಕ್ ಹಾಕಿದ್ದರೆ ಅವು ನಾಲ್ಕೂ ಕಡೆ ಚೆಲ್ಲಾಡಿರಬೇಕಿತ್ತು. ಇಲ್ಲಿ ಹಾಗಿರಲಿಲ್ಲ. ಒಂದೊಂದು ಪ್ರಶ್ನೆಗೂ ತಪ್ಪುಗಳೆಲ್ಲ ಒಂದೇ ಉತ್ತರದ ಮೇಲೆ ರಾಶಿ ಬಿದ್ದಿದ್ದವು. ಮೇಲೆಸೆದ ಚೆಂಡಿನ ಪ್ರಶ್ನೆಗೆ ಬಹುತೇಕ ಎಲ್ಲರೂ 'ಎಸೆದ ಕೈಯ ಬಲ ಚೆಂಡಿನೊಳಗೆ ಉಳಿದಿದೆ' ಎಂಬುದನ್ನೇ ಆರಿಸಿದ್ದರು. ನನ್ನದೇ ಮಾತು! ಯಾರೂ ಗೊಂದಲದಲ್ಲಿರಲಿಲ್ಲ. ಎಲ್ಲರೂ ಪೂರ್ತಿ ಭರವಸೆಯಿಂದ ತಪ್ಪಾಗಿದ್ದರು. ಮತ್ತೆ ನಾನೇ ಕುಳಿತು ಪತ್ರಿಕೆ ಬಿಡಿಸಿದೆ. ಎಷ್ಟು ತಪ್ಪಾಯಿತೆಂದು ನಿಮಗೂ ಹೇಳಿರಲಿಲ್ಲ. ಏಳು, ಟೀಚರ್.

ಭಾಲ್ಕಿಗೆ ಓಡಿ ಬಂದೆನಲ್ಲ ಅಂದು, ನೀವು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಿರಿ. "ಪತ್ರಿಕಿ ಬರಾಬರ್ ಅದರಿ ಟೀಚರ್, ನಾ ಸಾಬೀತ್ ಮಾಡ್ತೇನಿ" ಎಂದು ಕೂಗಿದೆ. ನೀವು ತಲೆ ಎತ್ತದೆ, "ನನಗೇನ್ ಸಾಬೀತ್ ಮಾಡ್ತಿ? ಮಕ್ಕಳಿಗಿ ತಿಳಸು" ಎಂದಿರಿ. ನಾನು ಏನು ಮಾಡಿದೆ? ಟ್ಯೂಷನ್ ಮಾಸ್ತರ ಏನು ಮಾಡುತ್ತಾನೋ ಅದನ್ನೇ. ಮೂವತ್ತೂ ಉತ್ತರಗಳನ್ನು ಬಾಯಿಪಾಠ ಮಾಡಿಸಿದೆ. ತಿಂಗಳೊಪ್ಪತ್ತಿನಲ್ಲಿ ಎಲ್ಲರಿಗೂ ಮೂವತ್ತಕ್ಕೆ ಮೂವತ್ತು. ಹೆಮ್ಮೆಯಿಂದ ನಿಮ್ಮನ್ನು ಕರೆತಂದು ಮಾಳಿಗೆಯಲ್ಲಿ ಕೂರಿಸಿದೆ.

ನೀವು ಒಂದೇ ಒಂದು ಪ್ರಶ್ನೆ ತಿರುವಿದಿರಿ. "ಲಾರಿ ಸೈಕಲ್ಲಿಗಿ ಹೊಡೀತು. ಯಾವುದರ ವೇಗ ಹೆಚ್ಚು ಬದಲಾಗ್ತದ?" ನನ್ನ ಮಕ್ಕಳು ಲಾರಿ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಒಟ್ಟಾಗಿ ಕೂಗಿದರು: "ಎರಡೂ ಬರಾಬರ್‌ರಿ!" ಕೆಳಗೆ ಚೀಲ ಹೊರುತ್ತಿದ್ದ ಹಮಾಲ ಕೂಡ ಸೈಕಲ್ಲೇ ಹಾರಿ ಹೋಗುತ್ತದೆ ಎನ್ನುತ್ತಿದ್ದ! ಬಲ ಸಮ, ಆದರೆ ಹಗುರಾದದ್ದರ ಪಾಡೇ ಬೇರೆ ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ನೀವು ನನ್ನ ಕಡೆ ತಿರುಗಿ ಮೆಲ್ಲಗೆ, "ಇವ್ರಿಗಿ ಮೊದಲ್ ಅರ್ಧಾ ತಿಳಿದಿತ್ತು ರೇವಣಾ. ನೀ ಅದನ್ನೂ ಅಳಿಸಿಬಿಟ್ಟಿ" ಎಂದಿರಿ. ಅಷ್ಟು ವರ್ಷದಲ್ಲಿ ನಿಮ್ಮ ಬಾಯಿಂದ ಬಂದ ಬೈಗುಳ ಅದೊಂದೇ. ಮುಂದಿನ ಮಳೆಗಾಲಕ್ಕೆ ನೀವು ಹಾಸಿಗೆ ಹಿಡಿದಿರಿ, ಆಮೇಲೆ... ಪತ್ರಿಕೆ ದೋಷವೆಂಬ ಮಾತು ಹಾಗೇ ಉಳಿಯಿತು.

ನಿಮ್ಮ ಮಣ್ಣಿನ ದಿನ ಚರ್ಚಿನ ಹೊರಗೆ ನಿಂತಿದ್ದಾಗ ನಿಮ್ಮ ತಂಗಿ ಆ ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. ನಾನು ಮಾಳಿಗೆಯ ಟ್ಯೂಷನ್ ಅರ್ಧಕ್ಕೆ ಇಳಿಸಿ, ಔರಾದಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದೆ. ಅಲ್ಲಿಯ ಮಕ್ಕಳಿಗೆ ನನ್ನ ಟ್ಯೂಷನ್ ಗಾಳಿ ಸೋಕಿರಲಿಲ್ಲ, ಅದೊಂದು ಭಾಗ್ಯ. ಮೂವತ್ತು ಪ್ರಶ್ನೆಗಳನ್ನು ಅವರಿಗೆ ತೋರಿಸಲೇ ಇಲ್ಲ. ನೋಟ್‌ಬುಕ್ಕಿನಲ್ಲಿ ನೀವು ಬರೆದಿಟ್ಟ ಪದ್ಧತಿಯನ್ನೇ ಹಿಡಿದೆ. ಮೊದಲು ಪ್ರಶ್ನೆ. ಪಕ್ಕದವರಿಗೆ ಕಾಣದಂತೆ ಎದೆಗೆ ಬೆರಳು ಹಚ್ಚಿ ಒಂದೋ ಎರಡೋ ಮೂರೋ ಎಂದು ಉತ್ತರ. ಆಮೇಲೆ ಪಕ್ಕದವರೊಡನೆ ಜಗಳ. ಆಮೇಲೆ ಹೊರಗೆ ಹೋಗಿ ಮಾಡಿ ನೋಡುವುದು. ಅಲ್ಲಿಯವರೆಗೆ ಮಾಸ್ತರ ಉತ್ತರ ಹೇಳುವಂತಿಲ್ಲ. ಮಾತಿನ ಮೇಲೇ ಬದುಕಿದವನಿಗೆ ಇದೆಂಥ ಶಿಕ್ಷೆ, ನೀವೇ ಹೇಳಿ!

ಕೈಗಾಡಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಮೈದಾನದಲ್ಲಿ ಎಳೆದ ದಿನ ಅವರ ಜಗಳ ಪ್ರಿನ್ಸಿಪಾಲರ ಕೋಣೆಗೂ ಕೇಳಿಸಿತು. ಗಾಡಿ ಒಂದೇ ವೇಗದಲ್ಲಿ ಬರುವಾಗ ಮುಳ್ಳು ಒಂದೇ ಕಡೆ ನಿಂತಿತ್ತು, ಸ್ವಲ್ಪ ಜಾಸ್ತಿ ಎಳೆದರೆ ಗಾಡಿ ಜೋರಾಗುತ್ತಲೇ ಹೋಗುತ್ತಿತ್ತು. ಎಕಂಬಾದಿಂದ ಬರುವ ಮಾಳಮ್ಮ ಎಂಬ ಹುಡುಗಿ, ಕುರಿ ಸಾಕುವ ಮನೆಯವಳು, ಸೊಂಟಕ್ಕೆ ಕೈಯಿಟ್ಟು, "ಹಂಗಾದ್ರ ಬಲ ಹೆಚ್ಚಿದ್ರ ವೇಗ ಏರ್ತದ. ಬರಾಬರ್ ಇದ್ರ ಇದ್ದಂಗ ಇರ್ತದ. ಇಷ್ಟ ದಿನಾ ಯಾಕ್ ಹೇಳಿಲ್ರಿ ಸರ್?" ಎಂದು ನನಗೇ ಗದರಿದಳು.

ಔರಾದಿನ ಮಕ್ಕಳು ಅಂಕಿಯಿಲ್ಲದ ಪ್ರಶ್ನೆ ಬಿಡಿಸುತ್ತಾರೆಂಬ ಸುದ್ದಿ ಬಿರಾದಾರ ಸರ್ ಕಿವಿಗೆ ಮುಟ್ಟಿತು. ಫೋನ್ ಮಾಡಿ, "ಹಳೀ ಪತ್ರಿಕಿ ಬಾಯಿಪಾಠ ಮಾಡ್ಸಿರ್ತಿ ರೇವಣಸಿದ್ಧ, ನಿನ್ನ ಕಸಬು ನನಗ ಗೊತ್ತಿಲ್ಲೇನು? ನಾ ಹೊಸಾ ಪತ್ರಿಕಿ ತಗೀತೇನಿ. ಅಂಕಿ ಇರಂಗಿಲ್ಲ. ನಿನ್ನ ಔರಾದ ಮಕ್ಕಳೂ ಬರೀಲಿ, ನನ್ನ ಟಾಪರೂ ಬರೀಲಿ. ನಿನ್ನವ್ರು ಗೆದ್ರ ಆ ಟೀಚರ್ ಪತ್ರಿಕಿ ಖರೇ ಅಂತ ಮೀಟಿಂಗ್‌ನ್ಯಾಗ ನಾನೇ ಹೇಳ್ತೇನಿ" ಎಂದರು. ಬಾಯಿಪಾಠದ ಮಾತು ಚುಚ್ಚಿತು, ಒಂದು ಕಾಲಕ್ಕೆ ನಿಜವಾಗಿತ್ತಲ್ಲ. ಒಪ್ಪಿಕೊಂಡೆ. ನಾನು ಸೋತರೆ ನಾನು ಸೋತಂತಲ್ಲ, ನೀವು ಎರಡನೆಯ ಸಲ ಸೋತಂತೆ.

ಪರೀಕ್ಷೆಯ ದಿನ ಬೀದರಿನ ಆ ಕಾಲೇಜಿನ ಹಾಲಿಗೆ ನಮ್ಮ ಮಕ್ಕಳು ಬಸ್ಸಿನಲ್ಲಿ ನಿಂತೇ ಬಂದರು. ಬರೆದು ಮುಗಿದ ಮೇಲೆ ಎಲ್ಲರ ಮುಂದೆಯೇ ತಿದ್ದಿದರು. ಅಲ್ಲಿಯ ಟಾಪರುಗಳ ತಪ್ಪುಗಳು ಮತ್ತೆ ಅದೇ ಹಳೆಯ ರಾಶಿಗಳ ಮೇಲೆ ಬಿದ್ದವು, ನೋಡಿದಾಕ್ಷಣ ಗುರುತು ಹಿಡಿದೆ. ನಮ್ಮವರು ಒಂದೊಂದೇ ದಾಟುತ್ತ ಬಂದರು. ಆದರೆ ಒಂದು ಪ್ರಶ್ನೆಗೆ ಔರಾದಿನವರೆಲ್ಲ ತಪ್ಪು! ಪ್ರಶ್ನೆ ಹೀಗಿತ್ತು: ಭಾರದ ಅಲಮಾರಿಯನ್ನು ನೂಕಿದರೂ ಅದು ಕದಲಲಿಲ್ಲ, ಏಕೆ? ಬಿರಾದಾರ ಸರ್ ಬರೆದಿಟ್ಟ ಕೀಲಿ ಉತ್ತರದ ಪ್ರಕಾರ, ಘರ್ಷಣೆ ನೂಕುವ ಬಲಕ್ಕಿಂತ ದೊಡ್ಡದು. ನಮ್ಮವರು ಎಲ್ಲರೂ 'ಎರಡೂ ಸಮ' ಎಂದಿದ್ದರು. ಬಿರಾದಾರ ಸರ್ ನನ್ನ ಕಡೆ ನೋಡಿ ನಕ್ಕರು. "ಬರಾಬರ್, ಬರಾಬರ್. ಬಾಯಿಪಾಠ ಎಲ್ಲಿ ಹೋಗ್ತದ?" ಮಾಳಿಗೆಯ ಆ ದಿನವೇ ಮತ್ತೆ...

ಮಾಳಮ್ಮ ಎದ್ದು ನಿಂತಳು. "ಸರ್, ಒಂದ್ ಮಾತ್ ಕೇಳ್ಲೇನ್ರಿ?"

"ಕೇಳು."

"ಘರ್ಷಣಿ ದೊಡ್ಡದಿದ್ರ, ಅಲಮಾರಿ ತಿರುಗಿ ನನ್ನ ಮ್ಯಾಲೇ ಬರ್ಬೇಕಿತ್ತಲ್ರಿ?"

ಬಿರಾದಾರ ಸರ್ ಸೀಮೆಸುಣ್ಣ ಕೈಗೆತ್ತಿಕೊಂಡರು, ಟೀಚರ್. ಬೋರ್ಡಿಗೆ ಹೋಗಿ ಅಲಮಾರಿ ಬರೆದರು, ಈ ಕಡೆಯಿಂದ ಒಂದು ಬಾಣ, ಆ ಕಡೆಯಿಂದ ಉದ್ದನೆಯದೊಂದು ಬಾಣ. ಉದ್ದನೆಯ ಬಾಣವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂಗೈಯಿಂದ ಅದರ ತುದಿಯನ್ನು ಅಳಿಸಿ ಗಿಡ್ಡ ಮಾಡಿದರು. "ಮೂವತ್ತ್ ವರ್ಷ ಇದನ್ನೇ ಹೇಳ್ಕೋತ ಬಂದೀನಿ" ಎಂದರು, ಯಾರಿಗೂ ಅಲ್ಲದಂತೆ. ನಂತರ ಮಾಳಮ್ಮನ ಕಡೆ ತಿರುಗಿ, "ಕುಂದ್ರವ್ವ. ನಿನ್ನದೇ ಖರೇ" ಎಂದು ಕೀಲಿಯ ಹಾಳೆಯನ್ನು ಕೆಂಪು ಪೆನ್ನಿನಿಂದ ತಿದ್ದಿದರು. ನಮ್ಮ ಔರಾದಿನ ಬೆಂಚುಗಳು ಎದ್ದ ಸದ್ದು ನಿಮಗೆ ಕೇಳಿಸದೇ ಇದ್ದರೆ ಸ್ವರ್ಗ ಬಹಳ ದೂರವಿದೆ ಎಂದೇ ಅರ್ಥ. ನಾನು ಕೂಗಿದೆನೋ ಅತ್ತೆನೋ, ಸಾಕ್ಷಿ ಹೇಳುವವರು ಬಹಳ ಜನ ಇದ್ದಾರೆ, ಅವರನ್ನೇ ಕೇಳಿ.

ಹೋದ ಸೋಮವಾರದ ಮೀಟಿಂಗಿನಲ್ಲಿ ಬಿರಾದಾರ ಸರ್ ಮಾತಿಗೆ ತಪ್ಪಲಿಲ್ಲ. ಎದ್ದು ನಿಂತು, "ಎಸ್ತೇರ್ ಟೀಚರ್ ಪತ್ರಿಕಿಯೊಳಗ ದೋಷ ಇರಲಿಲ್ಲ. ನಮ್ಮ ಪಾಠದಾಗಿತ್ತು. ಬರಕೋರಿ" ಎಂದರು. ಬರೆದುಕೊಂಡರು. ಬರುವ ಜೂನಿನಿಂದ ಮೊದಲ ವರ್ಷದ ಮಕ್ಕಳಿಗೆ ಮೊದಲ ದಿನ ನಿಮ್ಮದೇ ಪತ್ರಿಕೆ. ಅಂಕ ಕೊಡುವುದಿಲ್ಲ, ಎಲ್ಲಿಂದ ಪಾಠ ಶುರು ಮಾಡಬೇಕೆಂದು ತಿಳಿಯಲು ಮಾತ್ರ. ಅದಕ್ಕೂ ಮೊದಲು ಉಪನ್ಯಾಸಕರೆಲ್ಲ ಕುಳಿತು ಅದನ್ನು ಬರೆಯಬೇಕೆಂದು ಅವರೇ ಸೇರಿಸಿದರು. ಇಬ್ಬರಿಗೆ ಅವತ್ತೇ ರಜೆ ಬೇಕಾಯಿತು.

ಇನ್ನೊಂದು ಸುದ್ದಿ ಇದೆ, ಇದು ನಿನ್ನೆಯದು. ಲ್ಯಾಬಿನಲ್ಲಿ ಮಾಳಮ್ಮ ಒಂದು ಬಕೆಟ್ ನೀರನ್ನು ಡಿಜಿಟಲ್ ಕಾಂಟಾ ತಕ್ಕಡಿಯ ಮೇಲಿಟ್ಟು, "ಸರ್, ನಾ ನೀರಾಗ ಕೈ ಇಳಸ್ತೇನಿ. ತಳಕ್ಕ ಮುಟ್ಸಂಗಿಲ್ಲ, ಬದಿಗೂ ಮುಟ್ಸಂಗಿಲ್ಲ. ತೂಕ ಏರ್ತದೋ, ಇಳೀತದೋ, ಇದ್ದಂಗ ಇರ್ತದೋ?" ಎಂದಳು. ಮುಟ್ಟದ ಮೇಲೆ ತೂಕ ಹೇಗೆ ಏರುತ್ತದೆ? ಇದ್ದಂತೆ ಇರುತ್ತದೆ ಎಂದೆ, ಪೂರ್ತಿ ಭರವಸೆಯಿಂದ. ಅವಳು ಅಂಗಿಯ ತೋಳು ಮಡಚಿ ಕೈ ಇಳಿಸಿದಳು. ತೂಕ ಏರಿತು, ಟೀಚರ್! ನೀರು ಅವಳ ಕೈಯನ್ನು ಮೇಲೆ ನೂಕುತ್ತಿದೆ, ಅವಳ ಕೈ ನೀರನ್ನು ಕೆಳಗೆ ನೂಕುತ್ತಿದೆ. ಇಷ್ಟೇ! ನಾನು ಐದು ಸಲ ನನ್ನ ಕೈಯನ್ನೇ ಇಳಿಸಿ ನೋಡಿದೆ, ಅಂಗಿ ಮೊಣಕೈವರೆಗೆ ತೊಯ್ದಿತು. ಅವಳು ಆ ಪ್ರಶ್ನೆಯನ್ನು ನಿಮ್ಮ ಪತ್ರಿಕೆಯ ಕೊನೆಗೆ ಬರೆದಿದ್ದಾಳೆ, ಅಂಕಿಯಿಲ್ಲದ ಮೂವತ್ತೊಂದನೆಯದು. ಅದರಲ್ಲಿ ಮೊಟ್ಟಮೊದಲು ಫೇಲಾದವನು ನಾನು, ಮತ್ತು ನಿನ್ನೆಯಿಂದ ಬೀದರಿನಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗುತ್ತಿದ್ದೇನೆ.

ನಿಮ್ಮ
ರೇವಣ